ಅಕ್ಕೋರು ಡಾಕ್ಟರೇಟಿಗೆ ಮನೆ ನೋಡಿದ್ದು

ಅಕ್ಕೋರು ನಿವೃತ್ತರಾಗಿ ಹೋದ ಮೇಲೆ ಮೋರಟಗಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಶಾಂತಿ ನೆಲೆಸಿದೆ. ಆ ಶಾಂತಿ ನನಗೆ ಒಂಚೂರೂ ಹಿಡಿಸುತ್ತಿಲ್ಲ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುವುದೇ ರೂಢಿ. ಆ ಲೆಕ್ಕದಲ್ಲಿ ನಾನೂ ಒಬ್ಬ ಅಕ್ಕೋರೇ. ಆದರೆ ನನ್ನನ್ನು ಊರವರು 'ಇಂಗ್ಲಿಷ್ ಅಕ್ಕೋರು' ಎಂದು ಬಾಲ ಹಚ್ಚಿ ಕರೆಯುತ್ತಾರೆ. ಬಾಲವಿಲ್ಲದ ಬರೀ ಅಕ್ಕೋರು ಎಂದರೆ ಅವರೊಬ್ಬರೇ, ಒಂದನೇ ತರಗತಿಯ ಅಕ್ಕೋರು.

ಬೀಳ್ಕೊಡುಗೆಯ ದಿನ ನಾವೆಲ್ಲ ಅಳುವುದಕ್ಕೆ ಸಿದ್ಧರಾಗಿ ಕರವಸ್ತ್ರ ತಂದಿದ್ದೆವು. ಅವರು ಮೈಕು ಹಿಡಿದು, "ನೀವೆಲ್ಲಾ ಅಳಾಕ ತಯಾರಾಗಿ ಬಂದಂಗ ಕಾಣ್ತೈತಿ. ನನಗ ಪುರಸೊತ್ತಿಲ್ರಿ. ಸಂಜಿಗೆ ನನ್ನ ಕ್ಲಾಸ್ ಐತಿ, ಹೋಂವರ್ಕ್ ಇನ್ನೂ ಬಾಕಿ ಐತಿ," ಎಂದು ಮೈಕು ಕೆಳಗಿಟ್ಟುಬಿಟ್ಟರು. ಕೊರಳಿನ ಹಾರ ತೆಗೆಯುವುದನ್ನೂ ಮರೆತು ಸಿಂದಗಿ ಬಸ್ಸಿಗೆ ಓಡಿದರು. ಬಸ್ಸಿನಲ್ಲಿ ಯಾರೋ, "ಯಾವ ಇಲೆಕ್ಷನ್ ಗೆದ್ರಿ ಅಕ್ಕೋರ?" ಎಂದು ಎದ್ದು ಸೀಟು ಬಿಟ್ಟುಕೊಟ್ಟರಂತೆ. ಅರವತ್ತು ತುಂಬಿದ ದಿನ ಹೋಂವರ್ಕಿಗೆ ಹೆದರಿ ಓಡಿದ ಇನ್ನೊಬ್ಬರನ್ನು ನಾನಂತೂ ಕಂಡಿಲ್ಲ.

ಆ ಹೋಂವರ್ಕು ಡಾಕ್ಟರೇಟಿನದು. ಶಿಕ್ಷಣಶಾಸ್ತ್ರದಲ್ಲಿ, ಆನ್‌ಲೈನಿನಲ್ಲಿ, ಪರದೇಶದ ಒಂದು ಸರ್ಕಾರಿ ವಿಶ್ವವಿದ್ಯಾಲಯದಿಂದ. ಇನ್ನೂ ಮುಗಿದಿಲ್ಲ, ಪ್ರಬಂಧ ಅರ್ಧದಲ್ಲಿದೆ. ಮುಗಿದಾಗ ಅದರ ಬಗ್ಗೆ ಬರೆಯುವವರು ಬೇರೆ ಸಿಕ್ಕಾರು. ಆ ಡಾಕ್ಟರೇಟನ್ನು ಅವರು ಆರಿಸಿಕೊಂಡ ರೀತಿ ಇದೆಯಲ್ಲ, ಅದು ಮೊದಲಿನಿಂದ ಕೊನೆಯವರೆಗೆ ಗೊತ್ತಿರುವವರು ನಾವು ನಾಲ್ಕಾರು ಜನ ಮಾತ್ರ. ನೆನೆದರೆ ಈಗಲೂ ಪಾಠದ ನಡುವೆ ನನಗೆ ನಗು ಬಂದು, ಮಕ್ಕಳು ನನ್ನ ಮುಖವನ್ನೇ ನೋಡುತ್ತ ಕೂರುತ್ತವೆ.

ಅಕ್ಕೋರು ಆಳು ಗಿಡ್ಡ, ದನಿ ದೊಡ್ಡದು. ತುರುಬಿನಲ್ಲಿ ಹೂವಿನ ಜಾಗದಲ್ಲಿ ಸದಾ ಒಂದು ಚಾಕ್‌ಪೀಸು. ಮದುವೆ ಮನೆಗೂ ಅದನ್ನು ಮುಡಿದುಕೊಂಡೇ ಬಂದದ್ದುಂಟು. ನಗು ಬಂದರೆ ಕೂತು ನಗುವವರಲ್ಲ; ಎದ್ದು ಹೋಗಿ ಗೋಡೆ ಹಿಡಿದುಕೊಳ್ಳುತ್ತಿದ್ದರು. ಮಧ್ಯಾಹ್ನ ನಮ್ಮೆಲ್ಲರ ಡಬ್ಬಿ ಬಿಚ್ಚಿ, ಯಾರ ಶೇಂಗಾ ಹಿಂಡಿಗೆ ಬಳ್ಳೊಳ್ಳಿ ಕಡಿಮೆ ಬಿದ್ದಿದೆ ಎಂದು ತೀರ್ಪು ಕೊಟ್ಟ ಮೇಲೆಯೇ ನಮಗೆ ಊಟ. ನಾನು ಮುದ್ದೇಬಿಹಾಳದವಳು, ಮೊದಲ ನೌಕರಿಗೆ ಇಲ್ಲಿಗೆ ಬಂದವಳು. ಸಿಂದಗಿಯಲ್ಲಿ ಅವರ ಓಣಿಯಲ್ಲೇ ಬಾಡಿಗೆ ಮನೆ ಹಿಡಿದು, ದಿನಾ ಅವರ ಜೊತೆಗೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮೊದಲ ದಿನವೇ ನನ್ನ ಡಬ್ಬಿ ನೋಡಿ, "ತಂಗಿ, ಇದನ್ನ ತಿಂದು ನೀ ಹ್ಯಾಂಗ ಬದುಕೀದಿ?" ಎಂದು ತಮ್ಮ ರೊಟ್ಟಿಯನ್ನು ನನ್ನ ಕಡೆ ಸರಿಸಿದರು. ಅಂದಿನಿಂದ ನಾನು ಅವರ ಬಾಲ.

ಅವರ ಬಾಯಲ್ಲಿ ಕಾಯಂ ಆಗಿ ಇದ್ದ ಮಾತು 'ಯಾಕ?' ಕಂಡಕ್ಟರ್ ಚಿಲ್ಲರೆ ಇಲ್ಲ ಎಂದರೆ ಯಾಕ. ಮಳೆ ಬರಲಿಲ್ಲ ಎಂದರೂ ಯಾಕ, ಬಂತೆಂದರೂ ಯಾಕ. ಹೊಸದಾಗಿ ಮದುವೆಯಾದ ಸಹೋದ್ಯೋಗಿ ಪೇಡೆ ಹಂಚಲು ಬಂದರೆ ಅವನಿಗೂ ಯಾಕ. ಆದರೆ ಅವರ ಈ ಎಲ್ಲ ಯಾಕಗಳ ತಾಯಿಬೇರು ಒಂದೇ ಇತ್ತು, ಅದು ಒಂದನೇ ತರಗತಿಯ ಕೋಣೆಯಲ್ಲಿ.

ನನ್ನನ್ನು ಒಮ್ಮೆ ಬಾಗಿಲಲ್ಲಿ ನಿಲ್ಲಿಸಿ ತೋರಿಸಿದರು. "ಹಗಲೊತ್ತಿನ್ಯಾಗ ಮುಗಲಾಗ ಯಾರ ಬರ್ತಾರ?" ಎಂದು ಇಡೀ ತರಗತಿಗೆ ಕೇಳಿದರು. "ಸೂರ್ಯಾ!" ಎಂದು ಮಕ್ಕಳು ಕೂಗಿದ ಹೊಡೆತಕ್ಕೆ ತಗಡಿನ ಮೇಲೆ ಕೂತ ಪಾರಿವಾಳಗಳು ಹಾರಿಹೋದವು. ಆಮೇಲೆ ಎಲ್ಲರಿಗಿಂತ ಜೋರಾಗಿ ಕೂಗಿದ ಹುಡುಗಿಯನ್ನು ಎಬ್ಬಿಸಿ ಅದೇ ಪ್ರಶ್ನೆ ಕೇಳಿದರು. ಆಕೆ ತುಟಿ ಬಿಗಿದು, ತಲೆ ಬಗ್ಗಿಸಿ, ಕಾಲಿನ ಹೆಬ್ಬೆರಳಿನಿಂದ ನೆಲದ ಮೇಲೆ ಗೀಚತೊಡಗಿದಳು. ಕೂರು ಎಂದ ಮರುಗಳಿಗೆಯೇ ಪಕ್ಕದವಳ ಕಿವಿಯಲ್ಲಿ 'ಸೂರ್ಯಾ' ಎಂದಳು.

"ನೋಡಿದೇನ ತಂಗಿ? ಕೂಡಿ ಕುಂತ್ರ ಹುಲಿ, ಒಬ್ಬೊಬ್ರನ್ನ ಎಬ್ಬಿಸಿದ್ರ ಇಲಿ. ಉತ್ರಾ ಗೊತ್ತೈತಿ, ಬಾಯಿಗೆ ಬರೂದಿಲ್ಲ. ಯಾಕ?"

ಈ ಪ್ರಶ್ನೆಯನ್ನು ಅವರು ನೌಕರಿಗೆ ಸೇರಿದಾಗಿನಿಂದ ಕೇಳುತ್ತ ಬಂದಿದ್ದರು. ಪ್ರತಿ ತರಬೇತಿಯಲ್ಲೂ ಎದ್ದು ನಿಂತು ಕೇಳುವರು. ತರಬೇತಿ ಕೊಡಲು ಬಂದವರು ಪ್ರಶ್ನೆ ಪೂರ್ತಿ ಮುಗಿಯುವ ಮೊದಲೇ ಉತ್ತರ ಹೇಳಿಬಿಡುವರು. ಒಬ್ಬರು ಆತ್ಮವಿಶ್ವಾಸದ ಕೊರತೆ ಎಂದರು, ಇನ್ನೊಬ್ಬರು ಮನೆಯ ವಾತಾವರಣ ಎಂದರು, ಮತ್ತೊಬ್ಬರು ಬೇಳೆಕಾಳು ತಿನ್ನಿಸಿ ಎಂದರು. ಚಹಾದ ಹೊತ್ತು ಮುಗಿದುಹೋಗುವುದೆಂಬ ಅವಸರ ಎಲ್ಲರಿಗೂ. ಅಕ್ಕೋರು ತುರುಬಿನ ಚಾಕ್‌ಪೀಸನ್ನು ಒಮ್ಮೆ ಮುಟ್ಟಿಕೊಂಡು ಸುಮ್ಮನೆ ಕೂರುತ್ತಿದ್ದರು. ಅವರು ಸುಮ್ಮನೆ ಕೂತದ್ದನ್ನು ನಾನು ಅಲ್ಲಿಯವರೆಗೆ ಬೇರೆಲ್ಲೂ ಕಂಡಿರಲಿಲ್ಲ.

ನಿವೃತ್ತಿಗೆ ಮೂರು ವರ್ಷ ಇರುವಾಗ ಒಂದು ದಿನ ಬಸ್ಸಿನಲ್ಲಿ ನನ್ನ ಮೊಣಕೈ ಹಿಂಡಿ, "ನಾ ಡಾಕ್ಟರೇಟ್ ಮಾಡಾಕಿ," ಎಂದರು. ಈ ವಯಸ್ಸಿನಲ್ಲಿ ಯಾಕೆ ಅಕ್ಕೋರ ಎಂದು ಅವರದೇ ಮಾತನ್ನು ಅವರಿಗೆ ತಿರುಗಿಸಿದೆ.

"ಒಬ್ಬಾಕಿನ ಕುಂತು ವಿಚಾರ ಮಾಡಿದ್ರ ಹುಚ್ಚ ಹಿಡದೈತಿ ಅಂತಾರ. ಗೈಡ್ ಇಟ್ಕೊಂಡು ವಿಚಾರ ಮಾಡಿದ್ರ ಸಂಶೋಧನಾ ಅಂತಾರ. ಸಾಲಿ ಬಿಟ್ಟು ಹೋಗೂದ್ರಾಗ ನನ್ನ ಪ್ರಶ್ನಿಗೆ ಯಾರರೆ ಒಬ್ರು ಖರೇನ ಕಿವಿ ಕೊಡಬೇಕು. ಇಲ್ಲಂದ್ರ ನಾ ಇಷ್ಟು ವರ್ಷ ಏನ್ ಕಲಿಸಿದೆ?"

ಕೊನೆಯ ಮಾತು ಹೇಳುವಾಗ ಅವರು ಕಿಟಕಿಯ ಕಡೆ ತಿರುಗಿಬಿಟ್ಟರು. ಹಗಲಿಡೀ ನಗುವ ಹೆಂಗಸು ಇದೊಂದಕ್ಕೆ ಒಳಗೇ ಎಷ್ಟು ಸಂಕಟಪಟ್ಟಿದ್ದಾರೆ ಎಂದು ಆ ಬಸ್ಸಿನಲ್ಲಿ ನನಗೆ ಗೊತ್ತಾಯಿತು.

ಷರತ್ತುಗಳನ್ನು ಅವರೇ ಹಾಕಿಕೊಂಡರು. ಶಾಲೆಗೆ ರಜೆ ಹಾಕುವಂತಿಲ್ಲ, ಏಕೆಂದರೆ ಪ್ರಶ್ನೆ ಇರುವುದೇ ಶಾಲೆಯಲ್ಲಿ. ಸಾಲ ಮಾಡುವಂತಿಲ್ಲ, ಬಂಗಾರ ಮುಟ್ಟುವಂತಿಲ್ಲ, ಏನಿದ್ದರೂ ಪಗಾರದಲ್ಲೇ ತೂಗಬೇಕು. ಹಾಗಾದರೆ ಆನ್‌ಲೈನೇ ಗತಿ ಎಂದು ನಾನಂದೆ. ಇಲಾಖೆಯ ಕಚೇರಿಯಲ್ಲಿ ಪರಿಚಯದವರೊಬ್ಬರು, "ಅಕ್ಕೋರ, ಆನ್‌ಲೈನ್ ಡಾಕ್ಟರೇಟ್‌ಗೆ ನಮ್ಮಲ್ಲಿ ಮಾನ್ಯತಾ ಇಲ್ರಿ. ಬಡ್ತಿಗೆ ಉಪಯೋಗ ಬರಂಗಿಲ್ಲ," ಎಂದು ಮೊದಲೇ ಎಚ್ಚರಿಸಿದರು. ಅಕ್ಕೋರಿಗೆ ಖುಷಿಯೋ ಖುಷಿ. "ಚಲೋನ ಆತ್ರಿ! ಬಡ್ತಿ ಕೊಟ್ಟಿದ್ರ ನಾ ಒಂದನೇತ್ತಾ ಬಿಡಬೇಕಾಗ್ತಿತ್ತು," ಎಂದು ಆ ಪುಣ್ಯಾತ್ಮನಿಗೆ ಚಹಾ ಕುಡಿಸಿ ಬಂದರು.

ಇನ್ನು ಮನೆಯಲ್ಲಿ ಹೇಳಬೇಕಿತ್ತು. ಮನೆಯಲ್ಲಿ ಇಬ್ಬರು: ಇಂಡಿ ಪಟ್ಟಣದ ಮಾರುಕಟ್ಟೆಯಲ್ಲಿ ಲಿಂಬೆಹಣ್ಣಿನ ವ್ಯಾಪಾರ ಮಾಡುವ ಯಜಮಾನರು, ಮತ್ತು ಅವರ ತಾಯಿ. ಆ ತಾಯಿಯನ್ನು ಓಣಿಯವರೆಲ್ಲ ಕರೆಯುವಂತೆ ನಾನೂ ಆಯಿ ಎಂದೇ ಕರೆಯುತ್ತಿದ್ದೆ. ಸಂಗತಿಯನ್ನೆಲ್ಲ ಕೇಳಿದ ಆಯಿ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿದರು:

"ಅಂದ್ರ ವರ್ಷಾನುಗಟ್ಲೆ ಅವರ ಜೋಡಿ ಬಾಳೇ ಮಾಡಬೇಕು?"

"ಹೌದ್ರಿ ಅತ್ತಿ."

"ನಾವ ರೊಕ್ಕಾ ಕೊಡಬೇಕು?"

"ಹೌದ್ರಿ."

"ಮುಗದ ಮ್ಯಾಲೆ ಅವರ ಹೆಸರ ಹಚ್ಕೋಬೇಕು?"

"ಹೂಂ ರೀ."

"ಇದು ಸಂಬಂಧ ಅಲ್ಲೇನ? ಮನಿ ನೋಡಲಾರದ ಹ್ಯಾಂಗ ಮಾಡ್ತೀರಿ!"

ಅಲ್ಲಿಂದ ಮುಂದೆ ನಮ್ಮ ಮಾತುಕತೆಯೆಲ್ಲ ಮದುವೆ ಮಾತುಕತೆಯೇ ಆಯಿತು. ವಿಶ್ವವಿದ್ಯಾಲಯ ಎಂದರೆ ಮನೆ. ಫೋನು ಮಾಡುವ ಕೌನ್ಸೆಲರು ಎಂದರೆ ಮಧ್ಯಸ್ಥಗಾರ. ಇಂಟರ್ನೆಟ್ ನೋಡುವ ನಾನು ಹೆಣ್ಣಿನ ಕಡೆಯ ಓಡಾಟದವಳು. ಯಜಮಾನರು ಲ್ಯಾಪ್‌ಟಾಪಿನ ಮುಂದೆ ಕೂತು, ಹಸಿರು ಹುಲ್ಲು ಕಾರಂಜಿಗಳ ಫೋಟೋಗಳನ್ನು ನೋಡಿ ತಲೆಯಾಡಿಸುವರು. "ಮ್ಯಾಲಿನ ಬಣ್ಣಕ್ಕ ಮರಳ ಆಗಬ್ಯಾಡ್ರಿ. ಲಿಂಬಿಕಾಯಿ ಕೈಯಾಗ ಹಿಡದು ತೂಕಾ ನೋಡಬೇಕು, ರಸಾ ಎಷ್ಟೈತಿ ಅಂತ."

ನಾನು ಒಂದೆರಡು ಕಡೆ ಅಕ್ಕೋರ ಫೋನ್ ನಂಬರು ತುಂಬಿದ್ದೇ ತಡ, ಮಧ್ಯಸ್ಥಗಾರರ ಮಳೆ ಸುರಿಯಿತು. ಪಾಠ ಮಾಡುವಾಗ ಫೋನು, ರೊಟ್ಟಿ ಬಡಿಯುವಾಗ ಫೋನು. ಮೊದಲನೆಯವನೇ, "ಕಂಗ್ರಾಚುಲೇಷನ್ಸ್ ಮ್ಯಾಮ್, ನೀವು ಸೆಲೆಕ್ಟ್ ಆಗಿದ್ದೀರಿ!" ಎಂದ.

"ನನ್ನ ಹೆಸರೂ ಕೇಳಿಲ್ಲ, ಆರಿಸೇಬಿಟ್ರಿ? ನಮ್ಮ ಸಾಲ್ಯಾಗ ಒಂದನೇತ್ತಾಕ ಹೆಸರ ಹಚ್ಚಬೇಕಂದ್ರೂ ಹುಟ್ಟಿದ ತಾರೀಕು ಕೇಳ್ತೇವ್ರಿಪಾ," ಎಂದು ಅಕ್ಕೋರು ಗೋಡೆ ಹಿಡಿದುಕೊಂಡರು.

ಹಾಗೆಂದು ಯಾರನ್ನೂ ಅವರು ಬೈದು ಫೋನ್ ಇಟ್ಟವರಲ್ಲ. ಮೊದಲು ಊಟ ಆಯಿತೇ ಎಂದು ಕೇಳುವರು, ಆಮೇಲೆ ಊರು ಕೇಳುವರು, ಕೊನೆಗೆ ತಮ್ಮ ಪ್ರಶ್ನೆ ಕೇಳುವರು. ನಮ್ಮ ಹುಡುಗರು ಕೂಡಿ ಕೂತಾಗ ಹೇಳುವ ಉತ್ತರವನ್ನು ಒಬ್ಬೊಬ್ಬರಾಗಿ ಯಾಕೆ ಹೇಳುವುದಿಲ್ಲ? ಎಲ್ಲರ ಬಳಿಯೂ ಉತ್ತರ ತಯಾರು. ಒಬ್ಬ ಅದಕ್ಕೆಂದೇ ತಮ್ಮಲ್ಲಿ ಒಂದು ಮಾಡ್ಯೂಲ್ ಇದೆ ಎಂದ. ಒಬ್ಬಳು ಸೆಲ್ಫ್ ಎಸ್ಟೀಮ್ ಎಂದಳು. ಇನ್ನೊಬ್ಬನಂತೂ, "ನೀವು ತಲೆ ಕೆಡಿಸ್ಕೋಬೇಡಿ ಮ್ಯಾಮ್, ಉತ್ತರ ನಮ್ಮ ಟೀಮೇ ಬರೆದುಕೊಡುತ್ತೆ, ನೀವು ಸೈನ್ ಮಾಡಿದ್ರೆ ಸಾಕು," ಎಂದ. ಆ ದಿನ ಅಕ್ಕೋರು ನಗಲಿಲ್ಲ. ಫೋನಿಟ್ಟು ಬಹಳ ಹೊತ್ತು ಜೋಳ ಹಸನು ಮಾಡುತ್ತ ಕೂತರು.

ಹೀಗೆ ಬಂದ ಫೋನುಗಳಲ್ಲಿ ಒಂದು ಹುಡುಗಿಯದು. ಬೆಂಗಳೂರಿನ ಆಫೀಸಿನಿಂದ, ಬೆಣ್ಣೆಯಂಥ ಇಂಗ್ಲಿಷಿನಲ್ಲಿ. ಫೀ ಎಲ್ಲರಿಗಿಂತ ಕಡಿಮೆ, ನಮ್ಮ ಪಗಾರಕ್ಕೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಮಾತಿನ ಭರದಲ್ಲಿ ಹುಡುಗಿ ಅಕ್ಕೋರ ಒಂದು ಮಾತಿಗೆ 'ಹೌದ್ರಿ' ಎಂದುಬಿಟ್ಟಳು. ಅಕ್ಕೋರ ಕಿವಿ ನೆಟ್ಟಗಾಯಿತು.

"ತಡಿ ತಡಿ. ನೀ ಯಾವೂರಾಕಿ ಯವ್ವಾ?"

ಆ ಕಡೆ ಬೆಣ್ಣೆ ಕರಗಿತು. "ಮನಗೂಳಿ ರೀ."

"ಅಯ್ಯ ನನ್ನವ್ವ! ನನ್ನ ತವರಮನಿ ಅದು! ಯಾರ ಪೈಕಿ?"

ಮುಂದಿನ ಮಾತುಕತೆಯಲ್ಲಿ ಡಾಕ್ಟರೇಟಿನ ಸುದ್ದಿ ಬರಲೇ ಇಲ್ಲ. ಯಾರ ಮನೆ ಯಾವ ಓಣಿ, ಯಾರ ಮಗಳನ್ನು ಬಸವನ ಬಾಗೇವಾಡಿಗೆ ಕೊಟ್ಟಿದ್ದಾರೆ, ಊರ ಅಗಸಿಬಾಗಿಲ ಹತ್ತಿರದ ಹುಣಸೆಮರ ಇದೆಯೋ ಕಡಿದರೋ, ಎಲ್ಲ ಆಯಿತು. ಕೊನೆಗೆ ಹುಡುಗಿ ದನಿ ತಗ್ಗಿಸಿ ಹೇಳಿದಳು: "ಅಕ್ಕೋರ, ರೊಕ್ಕಾ ತುಂಬೂಕಿಂತ ಮೊದಲ ಒಮ್ಮೆ ಸೋಲಾಪುರದಾಗಿನ ನಮ್ಮ ಸೆಂಟರ್ ನೋಡ್ಕೊಂಡ ಬರ್ರಿ. ನಾ ಹೇಳೀನಿ ಅಂತ ಯಾರ ಮುಂದೂ ಅನಬ್ಯಾಡ್ರಿ." ಕೆಲಸ ಕಳೆದುಕೊಳ್ಳುವ ಭಯದಲ್ಲೂ ತವರೂರಿನ ಋಣ ತೀರಿಸಿದ ಆ ಹುಡುಗಿಗೆ ಒಳ್ಳೆಯದಾಗಲಿ. ಈಗ ಆ ಕೆಲಸ ಬಿಟ್ಟು ಬೇರೆ ಕಡೆ ಇದ್ದಾಳಂತೆ.

ಮನೆ ನೋಡಲು ಹೊರಟದ್ದು ಭಾನುವಾರ, ಯಜಮಾನರ ಲಿಂಬೆಹಣ್ಣಿನ ಟೆಂಪೋದಲ್ಲಿ. ಮುಂದೆ ಆಯಿ, ಹಿಂದೆ ಗೋಣಿಚೀಲದ ಮೇಲೆ ನಾನು ಮತ್ತು ಅಕ್ಕೋರು. ಆಯಿ ಇಳಕಲ್ ಸೀರೆ ಉಟ್ಟು, ಮಡಿಲಲ್ಲಿ ಎಲೆ ಅಡಿಕೆ ಇಟ್ಟುಕೊಂಡು, ದಾರಿಯುದ್ದಕ್ಕೂ ಏನೇನು ಕೇಳಬೇಕೆಂದು ಬಾಯಿಪಾಠ ಮಾಡುತ್ತ ಬಂದರು. ವಿಳಾಸ ಸಿಕ್ಕಿತು. ಚಾದರದ ಅಂಗಡಿಯ ಮೇಲಿನ ಮಾಳಿಗೆ. ಹತ್ತಿ ನೋಡಿದರೆ ಒಂದು ಫೋಟೋ ಸ್ಟುಡಿಯೋ. ಗೋಡೆಗೆ ಪುಸ್ತಕದ ಕಪಾಟುಗಳನ್ನು ಬರೆದ ಪರದೆ, ಮೊಳೆಗೆ ನೇತುಹಾಕಿದ ಕಪ್ಪು ನಿಲುವಂಗಿ, ಮೇಲೊಂದು ಗೊಂಡೆಯ ಟೊಪ್ಪಿಗೆ.

"ಯೂನಿವರ್ಸಿಟಿ ಎಲ್ಲೈತ್ರಿ?" ಎಂದು ಯಜಮಾನರು ಕೇಳಿದರು.

"ಇದ ರೀ ಸಾವ್ಕಾರ," ಎಂದ ಸ್ಟುಡಿಯೋದವನು ಪರದೆ ಸರಿಮಾಡುತ್ತ. "ಫೋಟೋ ಬೇಕಂದ್ರ ಈಗ ತಗೀತೇನಿ, ಸರ್ಟಿಫಿಕೇಟ್ ಹಿಂದಿಂದ ಬರ್ತೈತಿ. ಭಾಳ ಮಂದಿ ಮೊದಲ ಫೋಟೋನ ತಗಸ್ತಾರ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಇಂಗ್ಲಿಷಿನಲ್ಲಿ ಝಾಡಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಆಯಿ ನಿಲುವಂಗಿಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದರು. "ಅರಬಿ ಚಲೋ ಐತಿ. ಇದನ್ನ ಹಾಕ್ಕೊಂಡ್ರ ಡಾಕ್ಟರ್ ಆಗ್ತಾರೇನು? ಹಂಗಾದ್ರ ನನಗ ಹಾಕ್ರಿ. ಬಂದೇವಿ, ಬರಿಗೈಲೆ ಯಾಕ ಹೋಗೂದು?"

ಹಾಕಿದರು. ಇಳಕಲ್ ಸೀರೆಯ ಮೇಲೆ ಕಪ್ಪು ನಿಲುವಂಗಿ, ಸೆರಗಿನ ಮೇಲೆ ಟೊಪ್ಪಿಗೆ, ಮೂಗಿನಲ್ಲಿ ನತ್ತು, ಗಲ್ಲದಲ್ಲಿ ಎಲೆ ಅಡಿಕೆಯ ಉಬ್ಬು. ಅಕ್ಕೋರು ಗೋಡೆ ಹಿಡಿದುಕೊಳ್ಳಲು ಹೋಗಿ ಪರದೆ ಹಿಡಿದರು. ಪರದೆ ಹರಿದು ಪುಸ್ತಕದ ಕಪಾಟೆಲ್ಲ ಅವರ ತಲೆಯ ಮೇಲೆ ಬಿತ್ತು. ಒಳಗಿನಿಂದ ಅವರು ನಗುವ ಸದ್ದು ಮಾತ್ರ ಬರುತ್ತಿತ್ತು. ಕೊನೆಗೆ ಸ್ಟುಡಿಯೋದವನೂ ನಕ್ಕ. ನಾವು ಕೆಳಗಿಳಿದು ಒಂದು ಚಾದರ ಕೊಂಡು ಊರ ದಾರಿ ಹಿಡಿದೆವು. ಆ ಫೋಟೋ ಸಿಂದಗಿಯ ಮನೆಯ ಪಡಸಾಲೆಯಲ್ಲಿ ಇಂದಿಗೂ ಇದೆ. ಆ ಮನೆಯ ಮೊದಲ ಡಾಕ್ಟರು ಆಯಿ.

ಆದರೆ ಬರುವಾಗ ಗೋಣಿಚೀಲದ ಮೇಲೆ ಅಕ್ಕೋರು ಇದ್ದಕ್ಕಿದ್ದಂತೆ ಮಂಕಾದರು. "ಬಿಡು ತಂಗಿ. ನಮ್ಮಂಥವರಿಗೆ ಚಲೋ ಮನಿ ಎಟುಕಂಗಿಲ್ಲ, ಎಟುಕೋ ಮನಿ ಇಂಥವು," ಎಂದರು. ಈ ಮಾತು ಕೇಳಿ ನನಗೆ ಹಟ ಹುಟ್ಟಿತು. ಮುಂದಿನ ವಾರವೆಲ್ಲ ಮಧ್ಯಸ್ಥಗಾರರಿಲ್ಲದ ಮನೆಗಳನ್ನೇ ಹುಡುಕಿದೆ. ಜಾಹೀರಾತು ಕೊಡದ, ಫೋನು ಮಾಡದ, ವೆಬ್‌ಸೈಟು ನೋಡಿದರೆ ನಿದ್ದೆ ಬರುವಂಥವು. ಅಂಥದರಲ್ಲಿ ಒಂದು ಸಿಕ್ಕಿತು. ದೂರದೇಶದ ಸರ್ಕಾರಿ ವಿಶ್ವವಿದ್ಯಾಲಯ. ಹಳ್ಳಿ ಶಾಲೆಗಳಲ್ಲಿ ಕಲಿಸುತ್ತಿರುವವರಿಗೆ ಫೀಯಲ್ಲಿ ದೊಡ್ಡ ರಿಯಾಯಿತಿ. ಅಲ್ಲಿ ಓದಿದ ಇಬ್ಬರಿಗೆ ನಾನು ಬರೆದು ವಿಚಾರಿಸಿದೆ. ಮಾಸ್ತರು ಕಟ್ಟುನಿಟ್ಟು, ಆದರೆ ಮನೆ ಒಳ್ಳೆಯದು ಎಂದು ಇಬ್ಬರೂ ಬರೆದರು. ಒಂದೇ ತೊಡಕು. ಅವರು ಆರಿಸಬೇಕಾದರೆ ವಿಡಿಯೋದಲ್ಲಿ ಸಂದರ್ಶನ ಮಾಡುತ್ತಾರೆ, ಅದೂ ಇಂಗ್ಲಿಷಿನಲ್ಲಿ.

ಅಕ್ಕೋರಿಗೆ ಇಂಗ್ಲಿಷು ಓದಲು ಬರೆಯಲು ಚೆನ್ನಾಗಿಯೇ ಬರುತ್ತಿತ್ತು. ದಪ್ಪ ದಪ್ಪ ಪುಸ್ತಕ ಓದಿ ಎಂ.ಎಡ್. ಮುಗಿಸಿದವರು. ಆಡಲು ಮಾತ್ರ ನಾಲಗೆ ಹೊರಳುತ್ತಿರಲಿಲ್ಲ. ಹೆದರಬೇಡಿ, ಬೇಕಾದರೆ ನಾನು ಪಕ್ಕದಲ್ಲಿ ಕೂತು ಅನುವಾದಿಸುವುದಕ್ಕೆ ವಿಶ್ವವಿದ್ಯಾಲಯದವರು ಒಪ್ಪಿದ್ದಾರೆ ಎಂದೆ. "ಆದರೆ ಕೋಣೆಯಲ್ಲಿ ನಾವಿಬ್ಬರೇ ಇರಬೇಕು, ಬೇರೆ ಯಾರೂ ಇರಕೂಡದು," ಎಂದು ಒತ್ತಿ ಒತ್ತಿ ಹೇಳಿದೆ. ಅಕ್ಕೋರು ಅದನ್ನು ಮನೆಯಲ್ಲಿ ಹೇಳಿದರು. ಆಯಿಯ ಕಿವಿಗೆ ಬಿದ್ದದ್ದು ಒಂದೇ: ಗಂಡಿನ ಕಡೆಯವರು ನೋಡಲು ಬರುತ್ತಿದ್ದಾರೆ.

ನಾನು ಹೋಗುವಷ್ಟರಲ್ಲಿ ಅಂಗಳ ಸಾರಿಸಿ ರಂಗೋಲಿ ಹಾಕಿತ್ತು. ಅಡುಗೆಮನೆಯಲ್ಲಿ ಹೆಣ್ಣು ನೋಡಲು ಬಂದವರಿಗೆ ತಿನ್ನಲು ಕೊಡುವ ಚುರಮುರಿ ಸೂಸಲಾ, ಬುಟ್ಟಿಗಟ್ಟಲೆ. ಓಣಿಯ ಹೆಂಗಸರೆಲ್ಲ ಜರಿ ಸೀರೆಯುಟ್ಟು ಪಡಸಾಲೆಯಲ್ಲಿ ಕೂತಿದ್ದರು. ಯಜಮಾನರು ತಲೆಗೆ ಪಟಕಾ ಸುತ್ತಿದ್ದರು. ನಾನು ಕೈಮುಗಿದು ಎಲ್ಲರನ್ನೂ ಪಡಸಾಲೆಯಲ್ಲೇ ನಿಲ್ಲಿಸಿ, ಅಕ್ಕೋರನ್ನು ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿ, ಲ್ಯಾಪ್‌ಟಾಪು ತೆರೆದೆ.

ಪರದೆಯ ಮೇಲೆ ಬಿಳಿಗೂದಲಿನ ಒಬ್ಬ ಪ್ರೊಫೆಸರಮ್ಮ ಕಾಣಿಸಿಕೊಂಡರು. ಅವರನ್ನು ಕಂಡದ್ದೇ, ಶಾಲೆಗೆ ಸಾಹೇಬರು ಬಂದಾಗಿನ ರೂಢಿಯಂತೆ, ಅಕ್ಕೋರು ಗಕ್ಕನೆ ಎದ್ದು ನಿಂತುಬಿಟ್ಟರು. ಪಾಪ ಆ ಪ್ರೊಫೆಸರಮ್ಮನಿಗೆ ಸೀರೆಯ ನಿರಿಗೆ ಮಾತ್ರ ಕಂಡಿರಬೇಕು. ನಾನು ಸೆರಗು ಜಗ್ಗಿ ಕೂರಿಸಿದೆ. ಆಕೆ ನಿಧಾನವಾಗಿ, ಬಿಡಿಸಿ ಬಿಡಿಸಿ, ನಿಮ್ಮ ಹೆಸರು ಹೇಳಿ, ನೀವು ಎಲ್ಲಿ ಕಲಿಸುತ್ತೀರಿ ಹೇಳಿ ಎಂದರು. ಇಷ್ಟು ಇಂಗ್ಲಿಷು ನಮ್ಮ ಮಕ್ಕಳಿಗೂ ತಿಳಿಯುತ್ತದೆ.

ಅಕ್ಕೋರು ತುಟಿ ಬಿಗಿದರು. ತಲೆ ಬಗ್ಗಿಸಿದರು. ನಾನು ಮೊಣಕೈಯಿಂದ ತಿವಿದೆ. ಮೇಜಿನ ಕೆಳಗೆ ನೋಡುತ್ತೇನೆ, ಕಾಲಿನ ಹೆಬ್ಬೆರಳು ನೆಲ ಗೀಚುತ್ತಿದೆ. ಮುಗಿಯಿತು, ಎಲ್ಲ ಮುಗಿಯಿತು ಎಂದುಕೊಂಡೆ.

ಆಗ ಬಾಗಿಲ ಸಂದಿಯಿಂದ ಆಯಿ ಅಕ್ಕೋರ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳಿದರು. "ಮೋರಟಗಿ ಸಾಲಿ!" ಎಂದರು ಯಜಮಾನರು. "ಒಂದನೇತ್ತಾ ಕಲಸ್ತಾರ!" "ತವರಮನಿ ಮನಗೂಳಿ!" "ಭಾಳ ಶ್ಯಾಣ್ಯಾ ಅದಾರ!" ಎಂದು ಓಣಿಗೆ ಓಣಿಯೇ ಒಂದೇ ಉಸಿರಿಗೆ ಕೂಗಿತು. ಬಾಗಿಲು ಒತ್ತಡ ತಾಳದೆ ತೆರೆದುಕೊಂಡು, ಎಲ್ಲರೂ ಒಬ್ಬರ ಮೇಲೊಬ್ಬರು ಒಳಗೆ ಬಂದುಬಿದ್ದರು.

ನಾನು ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಕ್ಷಮೆ ಕೇಳಿದೆ. ಪ್ರೊಫೆಸರಮ್ಮ ಕಣ್ಣರಳಿಸಿ, ಇವರೆಲ್ಲ ಯಾರು, ಇವರೇನು ಹೇಳುತ್ತಿದ್ದಾರೆ, ದಯವಿಟ್ಟು ನನಗೆ ಹೇಳಿ ಎಂದರು. ಆಯಿ ಸೂಸಲದ ತಾಟನ್ನು ಕ್ಯಾಮೆರಾಕ್ಕೆ ಹಿಡಿದು ಪುಕ್ಕಟೆ ಮಾಹಿತಿ ಕೊಟ್ಟರು: "ಬಾಯಿಲ್ಲದಾಕಿ ಅಂತ ತಿಳೀಬ್ಯಾಡ್ರಿ ಮತ್ತ! ನಾವ ಈಕಿನ್ನ ನೋಡಾಕ ಹೋದಾಗೂ ಹಿಂಗ ಆಗಿತ್ತು. ನಿನ್ನ ಹೆಸರೇನವಾ ಅಂತ ಕೇಳಿದ್ರ ಸುಮ್ನ ಕುಂತು ನೆಲಾ ಕೆರದ್ಲು. ಹಿಂದಿಂದ ಅವರ ಅತ್ತೆಂದ್ರು ಕಾಕಿಂದ್ರು ಕೂಡೇ ಹೇಳಿದ್ರು. ಮನಿಗೆ ಬಂದ ಮ್ಯಾಲೆ ನೋಡ್ರಿ, ಇವತ್ತಿನ ತನಾ ಬಾಯಿ ಮುಚ್ಚಿಲ್ಲ!"

ನಾನು ಅಳುವ ದನಿಯಲ್ಲಿ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಅಷ್ಟರಲ್ಲಿ ಅಕ್ಕೋರು ಹಣೆ ಹಣೆ ಬಡಿದುಕೊಂಡರು. "ಅಯ್ಯ! ಅಯ್ಯ! ಇದ ಅಲ್ಲೇನ! ಇದನ್ನ ಅಲ್ಲೇನ ನಾ ಇಷ್ಟ ವರ್ಷ ಕೇಳಾಕತ್ತಿದ್ದು!" ಎಂದು ಎದ್ದು ಗೋಡೆ ಹಿಡಿದು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಪರದೆಯ ಮುಂದೆ ಬಂದು ನಿಂತು, ತಮ್ಮದೇ ಇಂಗ್ಲಿಷಿನಲ್ಲಿ ಹೇಳಿದರು: "ಮೇಡಂ, ಮೈ ಚಿಲ್ಡ್ರನ್. ಸೇಮ್ ಸೇಮ್. ಟುಡೇ ಐ ಆ್ಯಮ್ ಫಸ್ಟ್ ಸ್ಟ್ಯಾಂಡರ್ಡ್. ಆಲ್ ಟುಗೆದರ್, ದೇ ಸ್ಪೀಕ್. ಒನ್ ಚೈಲ್ಡ್ ಸ್ಟ್ಯಾಂಡ್, ನೋ ಸ್ಪೀಕ್. ವೈ ಮೇಡಂ?"

ಪ್ರೊಫೆಸರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪರದೆಗೆ ಇನ್ನಷ್ಟು ಹತ್ತಿರ ಬಂದರು. ಆಮೇಲೆ ಹೇಳಿದರು: "ನನಗೆ ಗೊತ್ತಿಲ್ಲ. ನಿಜಕ್ಕೂ ಗೊತ್ತಿಲ್ಲ. ನಿಮಗೆ ಏನನ್ನಿಸುತ್ತದೆ?"

ಅನುವಾದ ಮಾಡುವ ಅಗತ್ಯವೇ ಬೀಳಲಿಲ್ಲ. ಅಕ್ಕೋರು ನಿಂತಲ್ಲೇ ನಿಂತರು. ಓಣಿಯ ಜನವೂ ಅದೇಕೋ ಗಪ್‌ಚಿಪ್. ಆಮೇಲೆ ಅವರು ಶುರು ಮಾಡಿದರು ನೋಡಿ, ಕಾಲು ಇಂಗ್ಲಿಷಿನಲ್ಲಿ, ಮುಕ್ಕಾಲು ನಮ್ಮ ಕನ್ನಡದಲ್ಲಿ. ನನ್ನ ಅನುವಾದ ಅವರ ಹಿಂದೆ ಏದುಸಿರು ಬಿಡುತ್ತ ಓಡಿತು. ಒಂಟಿಯಾಗಿ ಎಬ್ಬಿಸುವುದು ನಮ್ಮಲ್ಲಿ ಪರೀಕ್ಷೆ ಮಾಡುವುದಕ್ಕೆ, ತಪ್ಪು ಹಿಡಿಯುವುದಕ್ಕೆ, ಹೆಣ್ಣು ನೋಡುವುದಕ್ಕೆ. ಉತ್ತರ ಮೊದಲೇ ಗೊತ್ತಿದ್ದವರು ಕೇಳುವ ಪ್ರಶ್ನೆ ಅದು. ಮಗುವಿಗೆ ಅದು ತಿಳಿಯುತ್ತದೆ. ತಾವು ಎಬ್ಬಿಸಿದ ಆ ಹುಡುಗಿ, ನೆಲ ಗೀಚಿದ ಬೆರಳು, ಕಿವಿಯಲ್ಲಿ ಹೇಳಿದ ಸೂರ್ಯ, ಎಲ್ಲ ಹೇಳಿದರು. ತರಬೇತಿಯಲ್ಲಿ ತಾವು ಕೂತುಬಿಡುತ್ತಿದ್ದುದನ್ನೂ ಹೇಳಿದರು. ಆ ಕಡೆ ಪ್ರೊಫೆಸರಮ್ಮ ಪೆನ್ನು ಹಿಡಿದು ಬರೆದುಕೊಳ್ಳುತ್ತಿದ್ದರು. ಸಂದರ್ಶನಕ್ಕೆ ಕೊಟ್ಟ ಹೊತ್ತು ಯಾವಾಗಲೋ ಮೀರಿತ್ತು.

ಕೊನೆಗೆ ಆಕೆ, ನಿಮ್ಮನ್ನು ತೆಗೆದುಕೊಳ್ಳಲು ನಮಗೆ ಬಹಳ ಸಂತೋಷ, ನೀವು ಬರುತ್ತೀರಾ ಎಂದು ಕೇಳಿದರು. ನಾನು ಹೌದು ಎನ್ನಲು ಬಾಯಿ ತೆರೆದಿದ್ದೆ, ಅಕ್ಕೋರು ನನ್ನ ಕೈ ಹಿಡಿದು ತಡೆದು, ಸೆರಗು ಸರಿಪಡಿಸಿಕೊಂಡು, ಗಂಭೀರವಾಗಿ ಹೇಳಿದರು: "ಮನ್ಯಾಗ ವಿಚಾರ ಮಾಡಿ ತಿಳಸ್ತೇವ್ರಿ." ಹೆಣ್ಣು ನೋಡಿ ಹೊರಡುವಾಗ ಗಂಡಿನ ಕಡೆಯವರು ಹೇಳುವ ಮಾತು ಅದು. ಹೆಣ್ಣಿನ ಬಾಯಲ್ಲಿ ಅದನ್ನು ಕೇಳಿ ಓಣಿಯ ಹೆಂಗಸರೆಲ್ಲ ಹೋ ಎಂದು ನಕ್ಕರು.

ಲ್ಯಾಪ್‌ಟಾಪು ಮುಚ್ಚಿದ ಮೇಲೆ ಯಜಮಾನರು ಪಟಕಾ ಬಿಚ್ಚುತ್ತ ತಮ್ಮ ವ್ಯಾಪಾರದ ಮಾತು ಎತ್ತಿದರು. "ಅಲ್ಲಾ, ಇಷ್ಟ ದಿನಾ ಫೋನ್ ಮಾಡಿದವರಿಗೆಲ್ಲಾ ಉತ್ರಾ ಗೊತ್ತಿತ್ತು. ಈಕಿಗೆ ಗೊತ್ತ ಇಲ್ಲಂತ. ಮತ್ತ ಈಕಿಗೆ ಯಾಕ ರೊಕ್ಕಾ ಕೊಡೂದು?"

"ಗೊತ್ತಿದ್ದವರ ಮುಂದ ಭಾಳ ವರ್ಷ ಕುಂತ ಬಂದೇನ್ರಿ," ಎಂದರು ಅಕ್ಕೋರು. "ಯಾರೂ ನನ್ನ ಮಾತು ಪೂರಾ ಕೇಳ್ಲಿಲ್ಲ. ಈಕಿ ಗೊತ್ತಿಲ್ಲ ಅಂದು ನನ್ನ ಕೇಳಿದ್ಲು. ನೀವ ಎಲ್ಲಾರೂ ಸುಮ್ನ ನಿಂತಿದ್ರಿ, ಯಾರೂ ಹಿಂದಿಂದ ಹೇಳಿಕೊಡ್ಲಿಲ್ಲ. ನೋಡ್ರಿ, ನಾ ಒಬ್ಬಾಕಿನ ಮಾತಾಡಿದೆ."

ನಮ್ಮಲ್ಲಿ ಸಂಬಂಧ ಗಟ್ಟಿಯಾದಾಗ ಮೊದಲು ಬಾಯಿಗೆ ಬೀಳುವುದು ಸಕ್ಕರೆ. ಆಯಿ ಯಾರನ್ನೂ ಕೇಳದೆ ಎದ್ದು ಒಳಗೆ ಹೋಗಿ, ಸಕ್ಕರೆಯ ಡಬ್ಬಿ ತಂದು, ಒಂದು ಹಿಡಿಯನ್ನು ಸೊಸೆಯ ಬಾಯಿಗೆ ಹಾಕಿದರು.